ಗಾಂಧೀಜಿಯವರ ಕ್ಷೀರತ್ಯಾಗ

ಬಾಹ್ಯತಪಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪಗಳನ್ನು ಬಿಟ್ಟ ಶ್ರಾವಕನಿಗೆ ಸ್ವಗೃಹದಲ್ಲಿ ಅಡ್ಡಿಯಿಲ್ಲ. ನಿಯಮವನ್ನರಿಯದ ಮಿತ್ರರೆದುರು ಅದನ್ನು ತಿಳಿಸುವುದೇ ಕಠಿನ. ಈ ವಿಷಯದಲ್ಲಿ ಮಹಾತ್ಮಾ ಗಾಂಧೀಜಿಯವರ ಜೀವನವು ಮನನಯೋಗ್ಯವಾದುದು.

1869ರಲ್ಲಿ ಪೋರಬಂದರಿನ ವೈಷ್ಣವ ಕುಟುಂಬದಲ್ಲಿ ಜನಿಸಿದ ಅವರು 1888ರಲ್ಲಿ ವಿದ್ಯಾರ್ಜನೆಗೆಂದು ವಿಲಾಯತಿಗೆ ಹೊರಟಾಗ, ಜೈನ ಸಾಧುಗಳಾದ ಬೇಚರಜೀ ಸ್ವಾಮಿಗಳು ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ತ್ಯಜಿಸುವ ಪ್ರತಿಜ್ಞೆಯನ್ನು ಮಾಡಿಸಿದರು. ಮಾಂಸವಿಲ್ಲದೆ ಆ ಚಳಿಯ ದೇಶದಲ್ಲಿ ಬಾಳಲಾಗದೆಂದು ಪರಿಚಿತರು ವಾದಿಸಿದರು. ಲಂಡನ್ನಿನಲ್ಲಿ ಹಿತೈಷಿಯೊಬ್ಬನು ದೊಡ್ಡ ಭೋಜನಗೃಹವೊಂದಕ್ಕೆ ಕರೆದೊಯ್ದಾಗ, ಮುಂದಿಟ್ಟ ಸಾರಿನಲ್ಲಿ ಮಾಂಸವಿದೆಯೇ ಎಂದು ಗಾಂಧೀಜಿ ಪರಿಚಾರಕನನ್ನು ವಿಚಾರಿಸಲು ಮುಂದಾದರು. ಮಿತ್ರನು ಅವಮಾನಿತನಾಗಿ, ಹೊರಗೆ ಹೋಗಿ ಉಣ್ಣೆಂದು ಗದರಿದನು. ಗಾಂಧೀಜಿ ಮರುಮಾತಾಡದೆ ಎದ್ದು ಬಂದರು. ಸಮೀಪದ ಸಸ್ಯಾಹಾರದ ಭೋಜನಗೃಹವು ಮುಚ್ಚಿದ್ದುದರಿಂದ ಆ ರಾತ್ರಿ ಉಪವಾಸವಾಯಿತು. ಆದರೂ ಅದೇ ಮಿತ್ರನೊಡನೆ ನಾಟಕಕ್ಕೆ ಹೋದರು, ಸ್ನೇಹವು ಕೆಡಲಿಲ್ಲ.

ಹಾಲು ಇಂದ್ರಿಯಗಳನ್ನು ಕೆರಳಿಸುವುದೆಂಬ ವಿಚಾರವು ಅವರಿಗೆ ಮೊದಲು ದೊರೆತುದು ಶ್ರೀಮದ್ ರಾಜಚಂದ್ರರಿಂದ. ಕಲಕತ್ತೆಯಲ್ಲಿ ಹಾಲಿಗಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರಗಳನ್ನು ಓದಿದ ಮೇಲೆ ಮನಸ್ಸು ಇನ್ನಷ್ಟು ಕಲಕಿತು. ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಸಹವಾಸಿ ಕಾಲೆನ್‌ಬಾಕರೊಡನೆ ಈ ದೋಷವನ್ನು ಚರ್ಚಿಸಿದಾಗ, ಬಿಟ್ಟೇಬಿಡೋಣವೆಂದು ಸೂಚಿಸಿದವರು ಆ ಮಿತ್ರರೇ. 1912ರಲ್ಲಿ ಇಬ್ಬರೂ ಹಾಲನ್ನು ತ್ಯಜಿಸಿದರು.

1914ರಲ್ಲಿ ಲಂಡನ್ನಿನಲ್ಲಿ ಅವರಿಗೆ ಎದೆಯ ಪೊರೆಯ ಉರಿಯೂತವಾಯಿತು. ಡಾಕ್ಟರ್ ಜೀವರಾಜ ಮೆಹತಾ ಹಾಲು ಕುಡಿಯಬೇಕೆಂದರು. ಗುರುಸ್ಥಾನದಲ್ಲಿದ್ದ ಗೋಖಲೆಯವರೂ ಒತ್ತಾಯಿಸಿದರು. ಗಾಂಧೀಜಿ ಒಂದು ದಿನದ ಅವಧಿಯನ್ನು ಬೇಡಿ, ರಾತ್ರಿಯೆಲ್ಲ ಚಿಂತಿಸಿ, ಮರುದಿನ ತಾವೇ ಅವರಲ್ಲಿಗೆ ಹೋಗಿ, ಉಳಿದೆಲ್ಲದರಲ್ಲಿ ಮಣಿಯುವುದಾಗಿಯೂ ಹಾಲಿನ ವಿಷಯದಲ್ಲಿ ಮಾತ್ರ ಸಾಧ್ಯವಿಲ್ಲವೆಂದೂ ವಿನಯದಿಂದ ಅರಿಕೆಮಾಡಿದರು. ಗೋಖಲೆಯವರು ಒಪ್ಪಲಿಲ್ಲ, ಆದರೆ ಬಲವಂತಪಡಿಸಲೂ ಇಲ್ಲ.

1918ರಲ್ಲಿ ಖೇಡಾ ಜಿಲ್ಲೆಯ ಸಂಚಾರದಲ್ಲಿ ತಗುಲಿದ ಆಮಶಂಕೆಯಿಂದ ದೇಹವು ತೀರ ಬಡವಾಯಿತು. ಹಾಲಿಲ್ಲದೆ ಶಕ್ತಿ ಬಾರದೆಂದು ವೈದ್ಯರು ಹೇಳಲು, ಆಡಿನ ಹಾಲಿಗೆ ಅಡ್ಡಿಯೇನೆಂದು ಕಸ್ತೂರಬಾ ಕೇಳಿದರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರ. ಸತ್ಯಾಗ್ರಹಕ್ಕಾಗಿ ಬದುಕುವ ಆಸೆಯಿಂದ ಅವರು ಒಪ್ಪಿದರು. ಶಬ್ದವು ಉಳಿಯಿತು, ಭಾವವು ಉಳಿಯಲಿಲ್ಲ. ಈ ದೋಷವನ್ನು ಅವರು ಮರೆಮಾಚಲಿಲ್ಲ. ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ಒಪ್ಪಿಕೊಂಡರು.

ಅತಿಚಾರವಾದಾಗ ಆಲೋಚನೆಯಿಂದ ಶುದ್ಧಿಯೆಂದು ಶ್ರಾವಕರು ಬಲ್ಲರು. ಹಿಡಿದ ನಿಯಮವನ್ನು ಇತರರನ್ನು ಹಳಿಯದೆ ತಿಳಿಸುವುದೂ, ತಪ್ಪಿದಾಗ ಅದೇ ಜನರೆದುರು ತಪ್ಪಿದೆನೆನ್ನುವುದೂ ವ್ರತದ ಅಂಗಗಳೇ ಆಗಿವೆ.