ಓಟಿನ ಜೊತೆ ರೂಪಾಯಿ ಕೇಳಿದ ಗೌಡರು

ಓಟಿಗೆ ದುಡ್ಡು ಹಂಚುವವರನ್ನು ಜನ ಕಂಡಿದ್ದಾರೆ. ಓಟಿನ ಜೊತೆಗೆ ಓಟುದಾರರಿಂದಲೇ ಒಂದು ರೂಪಾಯಿ ಕೇಳಿ ಗೆದ್ದವರು ಶಾಂತವೇರಿ ಗೋಪಾಲಗೌಡರು.

ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ಜೈಲು ಕಂಡರು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎದ್ದಾಗ ಗೌಡರು ಅವರ ಬೆನ್ನಿಗೆ ನಿಂತರು. ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಮರುವರ್ಷದ ಮೊದಲ ಮಹಾಚುನಾವಣೆಯಲ್ಲಿ ದೇಶದಲ್ಲಿ ಓಟು ಹಾಕಿದವರು ನೂರಕ್ಕೆ ಸುಮಾರು 45 ಮಂದಿ. ಆದರೆ ಸಾಗರ-ಹೊಸನಗರದ ಗೇಣಿದಾರನಿಗೆ ಓಟು ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೌಡರು ಸೋಷಲಿಸ್ಟ್ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು.

ಆಮೇಲೆ ಶುರುವಾಯಿತು ನೋಡಿ ಪಾರ್ಟಿಗಳ ಬಣ್ಣ ಬದಲಾವಣೆ! ಅದೇ ವರ್ಷ ಸೋಷಲಿಸ್ಟರು ಕೃಪಲಾನಿಯವರ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟರಾದರು. ಮರದ ಗುರುತು ಹೋಗಿ ಗುಡಿಸಲು ಬಂತು. 1955ರ ಜನವರಿಯಲ್ಲಿ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ಸೂ ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿ ಅಂತ ಠರಾವು ಮಾಡಿತು. ಅಂಗಡಿ ಬೇರೆ, ಬೋರ್ಡು ಒಂದೇ! ವರ್ಷ ಮುಗಿಯುವುದರೊಳಗೆ ಸೋಷಲಿಸ್ಟರೇ ಒಡೆದು ಹೋದರು. ಗೌಡರು ಲೋಹಿಯಾ ಜೊತೆ ಉಳಿದರು. 1957ರಲ್ಲಿ ಸೋತರು.

ಸೋತವರು ಮನೆ ಸೇರಲಿಲ್ಲ. ಹಳ್ಳಿ ಹಳ್ಳಿ ತಿರುಗಿದರು. ಉಳುವವನಿಗೆ ಭೂಮಿ ಅನ್ನುವ ಮಾತನ್ನು ಬಿಡಲಿಲ್ಲ. ಜನರ ಒಂದೊಂದು ರೂಪಾಯಿಯಲ್ಲೇ ಚುನಾವಣೆ ನಡೆಯಿತು. ಬಂಡವಾಳ ಹಾಕಿದವನು ಅಂಗಡಿ ಕಡೆ ಬಂದೇ ಬರ್ತಾನೆ. ರೂಪಾಯಿ ಕೊಟ್ಟವನು ಓಟಿನ ದಿನ ಮನೇಲಿ ಮಲಗ್ತಾನಾ? 1962 ಮತ್ತು 1967ರಲ್ಲಿ ಗೌಡರು ತೀರ್ಥಹಳ್ಳಿಯಿಂದ ಗೆದ್ದರು.

1967ರಲ್ಲಿ ದೇಶದಲ್ಲೂ ಓಟು ನೂರಕ್ಕೆ 61ಕ್ಕೆ ಏರಿತು. ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಗೌಡರ ಸಂಯುಕ್ತ ಸೋಷಲಿಸ್ಟ್ ಪಕ್ಷ, ಜನಸಂಘ, ಕಮ್ಯುನಿಸ್ಟರು ಒಂದೇ ಸರ್ಕಾರದಲ್ಲಿ ಕೂತರು. ಯಾರ ತತ್ವ ಯಾವುದು? ಆ ಸರ್ಕಾರಗಳು ವರ್ಷ ತುಂಬುವ ಹೊತ್ತಿಗೆ ಉರುಳಿದವು. 1971ರ ಲೋಕಸಭಾ ಚುನಾವಣೆಯಲ್ಲಿ ಓಟು ಮತ್ತೆ 55ಕ್ಕೆ ಇಳಿಯಿತು.

ಕಾಯಿಲೆಯಿಂದ ಜರ್ಝರಿತರಾದ ಗೌಡರು 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ಬರೀ 49. ಅವರು ಜೀವ ತೇದ ಭೂಸುಧಾರಣೆ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂತು. ಅವರ ಗರಡಿಯ ಬಂಗಾರಪ್ಪ, ಜೆ.ಎಚ್. ಪಟೇಲ್ ಬೇರೆ ಬೇರೆ ಪಾರ್ಟಿಗಳಿಂದ ಮುಖ್ಯಮಂತ್ರಿಗಳಾದರು.

ಬೋರ್ಡು ಪದೇ ಪದೇ ಬದಲಾದರೆ ಗಿರಾಕಿ ಬಾಗಿಲಲ್ಲೇ ನಿಂತು ಅನುಮಾನ ಪಡ್ತಾನೆ. ಆದರೆ ತಕ್ಕಡಿ ಹಿಡಿದವನನ್ನು ನಂಬಿದರೆ ಒಳಗೆ ಬರ್ತಾನೆ. ಕೊಳಗದ ಮೋಸದ ವಿರುದ್ಧ ನಿಂತ ಗೌಡರ ಅಳತೆ ಮಲೆನಾಡಿನವರಿಗೆ ಗೊತ್ತಿತ್ತು. ಪಾರ್ಟಿಯ ಹೆಸರು ಎಷ್ಟು ಸಲ ಬದಲಾದರೂ ಜನ ಅವರನ್ನು ಗುರುತು ಹಿಡಿದದ್ದು ಅದರಿಂದಲೇ.