ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್

ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ (ಜೂನ್ 1, 1863 – ಡಿಸೆಂಬರ್ 16, 1916) ಜರ್ಮನ್ ಮೂಲದ ಅಮೆರಿಕಾವಾಸಿ ಮನೋವಿಜ್ಞಾನಿ. ಮನೋವಿಜ್ಞಾನವನ್ನು ನ್ಯಾಯಾಲಯ, ಕೈಗಾರಿಕೆ ಮೊದಲಾದ ಕ್ಷೇತ್ರಗಳಿಗೆ ಅನ್ವಯಿಸಿದ ಆದ್ಯರಲ್ಲಿ ಒಬ್ಬರು. ಸಾಕ್ಷಿಯ ನೆನಪು ಎಷ್ಟು ವಿಶ್ವಾಸಾರ್ಹ, ಮರೆಮಾಚಿದ ನೆನಪನ್ನು ದೇಹದ ಲಕ್ಷಣಗಳಿಂದ ಗುರುತಿಸಬಹುದೇ ಎಂಬ ಅವರ ವಿಚಾರಣೆಯು ಸುಳ್ಳುಪತ್ತೆ ಪರೀಕ್ಷೆಯ (ಪಾಲಿಗ್ರಾಫ್) ಇತಿಹಾಸದಲ್ಲಿ ಮುಖ್ಯವಾದುದು.

ಜೀವನ

ಮ್ಯೂನ್‌ಸ್ಟರ್‌ಬರ್ಗ್ ಪ್ರಷ್ಯಾದ ಡಾಂಜಿಗ್‌ನಲ್ಲಿ (ಇಂದಿನ ಪೋಲೆಂಡಿನ ಗ್ದಾನ್ಸ್ಕ್) ಜನಿಸಿದರು. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಮಾರ್ಗದರ್ಶನದಲ್ಲಿ 1885ರಲ್ಲಿ ಡಾಕ್ಟರೇಟ್ ಪದವಿಯನ್ನೂ, 1887ರಲ್ಲಿ ಹೈಡಲ್‌ಬರ್ಗ್‌ನಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ವಿಲಿಯಂ ಜೇಮ್ಸ್ ಅವರ ಆಹ್ವಾನದ ಮೇರೆಗೆ 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹೊಣೆ ವಹಿಸಿಕೊಂಡರು. 1895ರಲ್ಲಿ ಸ್ವದೇಶಕ್ಕೆ ಮರಳಿದರೂ 1897ರಲ್ಲಿ ಹಾರ್ವರ್ಡ್‌ಗೆ ಹಿಂದಿರುಗಿ ಕೊನೆಯವರೆಗೂ ಅಲ್ಲಿಯೇ ಇದ್ದರು. 1898ರಲ್ಲಿ ಅಮೆರಿಕನ್ ಮನೋವೈಜ್ಞಾನಿಕ ಸಂಘದ ಅಧ್ಯಕ್ಷರಾಗಿದ್ದರು.

ನೆನಪು ಮತ್ತು ಸಾಕ್ಷ್ಯ

1908ರಲ್ಲಿ ಪ್ರಕಟವಾದ 'ಆನ್ ದ ವಿಟ್‌ನೆಸ್ ಸ್ಟ್ಯಾಂಡ್' ಅವರ ಪ್ರಸಿದ್ಧ ಕೃತಿ. ತಮ್ಮ ಮನೆಯಲ್ಲಿ ನಡೆದ ಕಳ್ಳತನದ ಬಗ್ಗೆ ತಾವು ಪ್ರಮಾಣಪೂರ್ವಕವಾಗಿ ನುಡಿದ ಸಾಕ್ಷ್ಯವನ್ನೇ ಅದರಲ್ಲಿ ಉದಾಹರಿಸಿದ್ದಾರೆ. ಕಳ್ಳರು ನೆಲಮಾಳಿಗೆಯ ಕಿಟಕಿಯಿಂದ ಬಂದರೆಂದೂ, ಗಡಿಯಾರವನ್ನು ಕಾಗದದಲ್ಲಿ ಸುತ್ತಿಟ್ಟಿದ್ದರೆಂದೂ ಅವರು ಹೇಳಿದ್ದರು. ವಾಸ್ತವದಲ್ಲಿ ಬಾಗಿಲಿನ ಬೀಗ ಒಡೆಯಲಾಗಿತ್ತು. ಗಡಿಯಾರವನ್ನು ಸುತ್ತಿದ್ದುದು ಮೇಜುಬಟ್ಟೆಯಲ್ಲಿ. ಪ್ರಾಮಾಣಿಕನ ನೆನಪೂ ತಪ್ಪಬಹುದು, ಆದ್ದರಿಂದ ಸುಳ್ಳು ಬೇರೆ, ತಪ್ಪುನೆನಪು ಬೇರೆ ಎಂಬುದು ಅವರ ವಾದ. ಅಡಗಿಸಿದ ನೆನಪನ್ನು ಪತ್ತೆಹಚ್ಚಲು ಪದಸಾಹಚರ್ಯದ ಉತ್ತರಕ್ಕೆ ತಗಲುವ ಸಮಯ, ಉಸಿರಾಟ ಮತ್ತು ನಾಡಿಯ ಅಳತೆ ನೆರವಾಗಬಲ್ಲವೆಂದು ಅವರು ನಂಬಿದ್ದರು.

ವಿವಾದ

1907ರಲ್ಲಿ ಐಡಹೋದ ಮಾಜಿ ಗವರ್ನರ್ ಫ್ರಾಂಕ್ ಸ್ಟೂನೆನ್‌ಬರ್ಗ್ ಅವರ ಕೊಲೆಯನ್ನು ಒಪ್ಪಿಕೊಂಡಿದ್ದ ಹ್ಯಾರಿ ಆರ್ಚರ್ಡ್‌ನನ್ನು ಅವರು ಸೆರೆಮನೆಯಲ್ಲಿ ಪರೀಕ್ಷಿಸಿದರು. ಕಾರ್ಮಿಕ ನಾಯಕ ವಿಲಿಯಂ ಹೇವುಡ್ ಅವರ ಪ್ರಾಣ ಆತನ ಸಾಕ್ಷ್ಯವನ್ನು ಅವಲಂಬಿಸಿತ್ತು. ಆರ್ಚರ್ಡ್ ನಿಜ ನುಡಿಯುತ್ತಿದ್ದಾನೆಂಬ ಮ್ಯೂನ್‌ಸ್ಟರ್‌ಬರ್ಗ್ ಅವರ ಅಭಿಪ್ರಾಯ ತೀರ್ಪಿಗೆ ಮುನ್ನವೇ ಪತ್ರಿಕೆಗಳಲ್ಲಿ ಬಂದು ಟೀಕೆಗೆ ಗುರಿಯಾಯಿತು. ಹೇವುಡ್ ನಿರ್ದೋಷಿಯೆಂದು ಬಿಡುಗಡೆಯಾದರು. ನ್ಯಾಯಶಾಸ್ತ್ರಜ್ಞ ಜಾನ್ ವಿಗ್ಮೋರ್ 1909ರಲ್ಲಿ ವಿಡಂಬನಾತ್ಮಕ ಲೇಖನವೊಂದನ್ನು ಬರೆದು, ಇಂತಹ ವಿಧಾನಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿದರು.

ನಿಧನ ಮತ್ತು ಪ್ರಭಾವ

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಪರ ನಿಂತುದರಿಂದ ಅವರು ಜನಪ್ರಿಯತೆಯನ್ನು ಕಳೆದುಕೊಂಡರು. 1916ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಉಪನ್ಯಾಸ ನೀಡುತ್ತಿರುವಾಗಲೇ ಕುಸಿದು ನಿಧನರಾದರು.

ಅವರ ಶಿಷ್ಯ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡದ ಆಧಾರದ ಸುಳ್ಳುಪತ್ತೆ ಪರೀಕ್ಷೆಯನ್ನು ರೂಪಿಸಿದರು. 1923ರ ಫ್ರೈ ಪ್ರಕರಣದಲ್ಲಿ ನ್ಯಾಯಾಲಯವು ಅದನ್ನು ತಿರಸ್ಕರಿಸಿತು. 1959ರಲ್ಲಿ ಡೇವಿಡ್ ಲಿಕನ್ ಪ್ರಕಟಿಸಿದ ಪರೀಕ್ಷೆಯು ಸುಳ್ಳನ್ನಲ್ಲದೆ, ಅಪರಾಧಿಗೆ ಮಾತ್ರ ತಿಳಿದಿರಬಹುದಾದ ವಿವರಗಳ ನೆನಪನ್ನು ಹುಡುಕುತ್ತದೆ. ಪರೀಕ್ಷೆಗೊಳಗಾದವನು ಆ ವಿವರವನ್ನು ಗಮನಿಸಿಯೇ ಇರದಿದ್ದರೆ ಅಥವಾ ಮರೆತಿದ್ದರೆ ಯಂತ್ರಕ್ಕೆ ದಾಖಲಿಸಲು ಏನೂ ಇರುವುದಿಲ್ಲ. ಭಾರತದಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 2010ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್ ಪರೀಕ್ಷೆ ನಡೆಸುವಂತಿಲ್ಲವೆಂದು ಹೇಳಿದೆ.