ಪ್ಯಾನ್ ನಂಬರ್ ಪರೀಕ್ಷಿಸುವ ಸೂತ್ರದ ಮೂಲಪುರುಷ ಸ್ಟೀಫನ್ ಕ್ಲೇನಿ

ವೈಟ್‌ಫೀಲ್ಡಿನ ಕಂಪನಿಗೆ ಸೇರುವಾಗ ಆನ್‌ಲೈನ್ ಅರ್ಜಿಯಲ್ಲಿ ಪ್ಯಾನ್ ನಂಬರಿನ ಒಂದಕ್ಷರ ಬಿಟ್ಟರೆ ಕೂಡಲೇ ತಪ್ಪೆಂದು ತೋರಿಸುತ್ತದೆ. ಐದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಈ ಮಾದರಿಯನ್ನು ಹೋಲಿಸಿ ನೋಡುವ ಸೂತ್ರವೇ ರೆಗ್ಯುಲರ್ ಎಕ್ಸ್‌ಪ್ರೆಶನ್. ಇದನ್ನು ಕೊಟ್ಟವರು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿ.

1909ರಲ್ಲಿ ಹುಟ್ಟಿದ ಕ್ಲೇನಿಯವರ ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಕವಯಿತ್ರಿ. 1934ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮುಗಿಸಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಮಾಡಿದರು. ಬೆಟ್ಟ ಹತ್ತುವುದೆಂದರೆ ಬಲು ಇಷ್ಟ.

1951ರ ಬೇಸಿಗೆಯಲ್ಲಿ ಅವರ ತಲೆ ಕೆಡಿಸಿದ್ದು ಗುರುತಿನ ಚೀಟಿಯಲ್ಲ, ಮೆದುಳು! ನರಕೋಶಗಳ ಗಣಿತ ಮಾದರಿಯೊಂದು ಎಂತಹ ಸರಣಿಗಳನ್ನು ಗುರುತಿಸಬಲ್ಲದು? ಒಂದಾದ ಮೇಲೊಂದು, ಇದು ಇಲ್ಲವೇ ಅದು, ಎಷ್ಟು ಸಲವಾದರೂ ಮರುಕಳಿಕೆ. ಈ ಮೂರರಿಂದ ಕಟ್ಟಬಹುದಾದವನ್ನು ಮಾತ್ರ ಎಂದು ಸಾಧಿಸಿದರು. ಅವಕ್ಕೆ ‘ರೆಗ್ಯುಲರ್’ ಎಂದು ಹೆಸರಿಟ್ಟು, ಇನ್ನೂ ಒಳ್ಳೆಯ ಹೆಸರಿದ್ದರೆ ತಿಳಿಸಿ ಎಂದು ಓದುಗರನ್ನೇ ಕೇಳಿದ್ದರು! ಪ್ರಬಂಧ ಅಚ್ಚಾದದ್ದು 1956ರಲ್ಲಿ. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಕಂಪ್ಯೂಟರಿನಲ್ಲಿ ಪದ ಹುಡುಕಲು ಬಳಸುವ ವಿಧಾನವನ್ನು ಪ್ರಕಟಿಸಿದರು. ಕ್ಲೇನಿ 1994ರಲ್ಲಿ ತೀರಿಕೊಂಡರು.

ಮಾದರಿ ಹೊಂದಿತೆಂದರೆ ನಂಬರ್ ಅಸಲಿ ಎಂದು ನಮ್ಮಲ್ಲಿ ಹಲವರು ನಂಬುತ್ತೇವೆ. ಹಾಗಲ್ಲ. ಸೂತ್ರ ನೋಡುವುದು ಆಕಾರವನ್ನಷ್ಟೇ. ಆಧಾರ್‌ನ 12ನೇ ಅಂಕಿಯನ್ನು ಉಳಿದ 11ರಿಂದ ವೆರ್‌ಹೂಫ್ ವಿಧಾನದಲ್ಲಿ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಸರಿಬಂದರೂ ನಂಬರ್ ಯಾರದೆಂದು ತಿಳಿಯದು. ಇನ್ನು ಕಾರ್ಡಿನಲ್ಲಿ ಅಚ್ಚಾದಂತೆಯೇ ನಾಲ್ಕಂಕಿಗೊಮ್ಮೆ ಜಾಗ ಬಿಟ್ಟು ಬರೆದ ಪೀಣ್ಯದ ಕಾರ್ಮಿಕರ ಅರ್ಜಿ ತಿರಸ್ಕೃತವಾದರೆ, ತಪ್ಪು ಆ ಸೂತ್ರ ಬರೆದವರದು, ಕಾರ್ಡಿನದಲ್ಲ.